ಗಾಳಿ ಬಡಿದದ್ದು

"ಕೇಳ್ರಿ, ಈಗ ಕರೀತಾಳ," ಎಂದಳು ಸೂಗಮ್ಮ.

ತಿರುಗುತ್ತಿದ್ದ ಫ್ಯಾನಿನ ಕೆಳಗೆ ಕೂತಿದ್ದ ಗೌತಮ ಸ್ಕ್ರೂಡ್ರೈವರ್ ಕೆಳಗಿಟ್ಟ. ಕಂಪ್ಯೂಟರಿನ ಪರದೆಯ ಮೇಲೆ ಕನ್ನಡಕ ಹಾಕಿದ ಹುಡುಗಿಯೊಬ್ಬಳು ಕಪ್ಪುಹಲಗೆಯ ಮುಂದೆ ನಿಂತು ತ್ರಿಕೋನವೊಂದನ್ನು ಬರೆಯುತ್ತಿದ್ದಳು. ಹತ್ತನೇ ತರಗತಿಯ ಮಕ್ಕಳಿಗಾಗಿ ಇದೇ ಕೋಣೆಯಲ್ಲಿ ಅವಳು ತಾನೇ ಚಿತ್ರೀಕರಿಸಿಕೊಂಡ ಪಾಠ. ಹಿಂದೆಲ್ಲೋ ಗರಗರ ಸದ್ದು. ಹುಡುಗಿ ಸೀಮೆಸುಣ್ಣ ತಡೆದು, ಪಕ್ಕಕ್ಕೆ ಹೊರಳಿ, "ಅವ್ವಾ" ಎಂದಳು. ಅಲ್ಲಿಗೆ ಚಿತ್ರ ನಿಂತಿತು. ಬಾಯಿ ತೆರೆದೇ ಇತ್ತು. ಸ್ಪೀಕರಿನಿಂದ ಮಾತ್ರ ಕೊನೆಯ ಅಕ್ಷರ ಬಿಡದೆ ಬರುತ್ತಿತ್ತು. ವ್ವಾ ವ್ವಾ ವ್ವಾ ವ್ವಾ.

"ಓ," ಎಂದಳು ಸೂಗಮ್ಮ, ಅಡುಗೆಮನೆಯಿಂದ ಓಗೊಡುವವಳ ಹಾಗೆ. "ಏನು ಬೇಕವ್ವಾ?"

ವ್ವಾ ವ್ವಾ ವ್ವಾ. ಗೌತಮ ತಡೆಯಲಾರದೆ ತಾನೇ ಪ್ಲಗ್ಗು ಕಿತ್ತ.

ಏಪ್ರಿಲ್ಲಿನ ಮಧ್ಯಾಹ್ನ. ಕಲಬುರಗಿಯ ಶಹಾಬಜಾರದಲ್ಲಿ ಅವನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿಗೆ ಬಂದಿದ್ದ ಸುನಂದಾ, "ಕಂಪ್ಯೂಟರ್ ಡಬ್ಬಿ ಮನಿ ಬಿಟ್ಟು ಹೊರಗ ಬರಂಗಿಲ್ರಿ, ನೀವೇ ಬರಬೇಕು," ಎಂದು ಹಟ ಹಿಡಿದಿದ್ದಳು. ಬಸ್ಸು ಹತ್ತಿ ಕಮಲಾಪುರಕ್ಕೆ ಬಂದ ಮೇಲೆ ಕಾರಣ ತಿಳಿಯಿತು. ಸುನಂದಾಳ ಅತ್ತಿಗೆ ಈ ಸೂಗಮ್ಮ. ಪರದೆಯ ಹುಡುಗಿ ಸೂಗಮ್ಮನ ಮಗಳು ಮಲ್ಲಿಕಾ. ಡೆಂಗ್ಯೂ ಜ್ವರದಲ್ಲಿ ತೀರಿಕೊಂಡು ಒಂಬತ್ತು ತಿಂಗಳು.

"ದಿನಾ ಊಟ ಆದಮ್ಯಾಲ ಹಚ್ಚಿಕೊಂಡು ಕೂಡ್ತಾಳ್ರಿ ನಮ್ಮ ವೈನಿ," ಎಂದಳು ಸುನಂದಾ. ಹೊಸ್ತಿಲಾಚೆಯ ಕೋಣೆಯಲ್ಲಿ ಕೂತು ಮಾರಲೆಂದು ಗೋಣಿಚೀಲ ಮುಚ್ಚಿ ಹಣ್ಣಿಗಿಟ್ಟ ಕೆಂಪು ಬಾಳೆಗೊನೆಗಳನ್ನು ಮುಟ್ಟಿ ನೋಡುತ್ತಿದ್ದಳು; ಹಣ್ಣಿನ ದಟ್ಟ ವಾಸನೆ ಇಡೀ ಮನೆಯನ್ನು ತುಂಬಿತ್ತು. "ದಿನಾ ಅಲ್ಲೇ ನಿಲ್ತದ. ಒಂದಿನಾನೂ ಮುಂದ ಹೋಗಿಲ್ಲ."

ದಿನಾ ಅದೇ ಹೊತ್ತು, ಅದೇ ಪಾಠ, ಅಷ್ಟೇ ಬಿಸಿ. ಬಿಸಿಯೇರಿದ ಯಂತ್ರ ಅದೇ ಜಾಗಕ್ಕೆ ನಿಂತರೆ ಅದರಲ್ಲೇನು ಸೋಜಿಗ, ಎಂದು ಗೌತಮ ತನಗೆ ತಾನೇ ಹೇಳಿಕೊಂಡ. ಎರಡು ಸಲ ಹೇಳಿಕೊಂಡ.

"ಯಕ್ಕಾ, ಪೆನ್‌ಡ್ರೈವಿಗೆ ಹಾಕ್ಕೊಡ್ತೀನಿ, ಮುಂದಿಂದು ಫೋನಿನ್ಯಾಗ ಕೇಳ್ರಿ. ಐದು ಮಿನಿಟಿನ ಕೆಲಸ."

"ಫೋನಿನ್ಯಾಗ ಬ್ಯಾಡ. ಆಕಿ ಇದರಾಗಿಂದ ಕರೀತಾಳ." ಸೂಗಮ್ಮ ಡಬ್ಬಿಯ ಮೇಲೆ ಅಂಗೈ ಇಟ್ಟಳು. "ಮುಟ್ಟಿ ನೋಡ್ರಿ. ಆಕಿ ಮೈನೂ ಹಿಂಗೇ ಸುಡ್ತಿತ್ತು."

ಅವನು ಮುಟ್ಟಿದ. ನಿಜಕ್ಕೂ ಸುಡುತ್ತಿತ್ತು.

"ಪಾಠ ಮಾಡೋ ಮುಂದ ಆವತ್ತು ಆಕಿ ಕರದಾಳ. ನಾ ಹೋದ್ನೋ ಇಲ್ಲೋ ನೆನಪ ಆಗವಲ್ದು," ಎಂದಳು ಅವಳು. "ಹಣ್ಣಿನ ಲಾರಿ ಬಂದಿತ್ತು ಅನಸ್ತದ. ಲಾರಿ ಬಂತಂದ್ರ ನನಗ ಏನೂ ಕೇಳಂಗಿಲ್ಲ. ಅಷ್ಟ ಗೊತ್ತಾದ್ರ ಸಾಕ್ರಿ ತಮ್ಮಾ. ಹೋದ್ನೋ, ಇಲ್ಲೋ."

ಗೌತಮ ಡಬ್ಬಿಯನ್ನು ಗೋಡೆಯಿಂದ ಈಚೆಗೆಳೆದ. ಹಿಂಬದಿಗೆ ಕರಿದಾರವೊಂದು ಕಟ್ಟಿತ್ತು. ಗಾಳಿ ಬಿಡುವ ಜಾಲರಿಯೇ ಕಾಣಲಿಲ್ಲ. ಹಳದಿ ಬಟ್ಟೆಯ ಚೂರುಗಳನ್ನು ಒಂದೊಂದು ಸಂದಿಗೂ ಸೂಜಿಯಲ್ಲಿ ಒತ್ತಿದಂತೆ ತುರುಕಿದ್ದರು.

"ಇದನ್ನ ಯಾರು ತುರುಕಿದ್ರಿ?"

"ನಾನೇ. ಆಕಿ ಓಢಣಿ ಹರದು. ಇದಕ್ಕ ಗಾಳಿ ಬಡದಾದ ಅಂದ್ರು ಮೈಬೂಬ ಸಾಬ್ರು. ದಾರ ಮಂತ್ರಿಸಿ ಕೊಟ್ರು. ಮತ್ತ ಗಾಳಿ ಹೊಕ್ಕೀತಂತ ತೂತೆಲ್ಲಾ ಮುಚ್ಚೀನಿ."

"ಬಾಳಿಹಣ್ಣಿನಂಗ ಇದನ್ನೂ ಮುಚ್ಚಿ ಹಣ್ಣ ಮಾಡ್ಯಾಳ್ರಿ!" ಎಂದು ಸುನಂದಾ ಆಚೆಯಿಂದ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಯಕ್ಕಾ, ಇದಕ್ಕ ಬೇಕಾಗಿದ್ದೇ ಗಾಳಿ ನೋಡ್ರಿ," ಎಂದ ಗೌತಮ.

ಸೂಗಮ್ಮ ಅವನನ್ನೇ ನೋಡಿದಳು. "ಯಾವ ಗಾಳಿ?"

ದೆವ್ವದ ಮಾತು ಬಂದರೆ ಗಟ್ಟಿಯಾಗಿ ನಕ್ಕುಬಿಡುತ್ತಿದ್ದ ಅಪ್ಪ ಮಾಪಣ್ಣನ ಮಗ ಅವನು. ಈಗಲೂ ನಗು ತುಟಿಯ ತನಕ ಬಂತು, ಆಚೆ ಬರಲಿಲ್ಲ.

ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಎಳೆದ. ಸೂಗಮ್ಮ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮುಚ್ಚಳ ಬಿಚ್ಚಿದರೆ ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಧೂಳು ಉಣ್ಣೆಯಂತೆ ಸುತ್ತಿಕೊಂಡಿತ್ತು. ಅದರಲ್ಲಿ ಒಂದು ಉದ್ದನೆಯ ಕೂದಲು. ಸೂಗಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿಗೆ ಸುತ್ತಿಕೊಂಡಳು. ಗೌತಮ ಬ್ರಷ್ಷಿನಿಂದ ಧೂಳು ಕೆರೆದ, ಬ್ಲೋವರ್ ಹಿಡಿದು ಊದಿದ. ಪ್ರೊಸೆಸರ್ ಮೇಲಿನ, ಬಿಸಿ ಎಳೆದುಕೊಳ್ಳುವ ಹಳೆಯ ಪೇಸ್ಟು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಒರೆಸಿ ತೆಗೆದು, ಜೋಳದ ಕಾಳಿನಷ್ಟು ಹೊಸದನ್ನು ಹಚ್ಚಿದ. ಹಿಂಬದಿಗೆ ತಾನು ತಂದ ದೊಡ್ಡ ಫ್ಯಾನು ಕೂರಿಸಿದ. ಕರಿದಾರವನ್ನು ಬಿಚ್ಚಲು ಹೋದವನು, ಯಾಕೋ, ಹಾಗೇ ಬಿಟ್ಟ. ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ದೂರಕ್ಕಿಟ್ಟ.

"ಹಚ್ಚಲೇನ್ರಿ?"

ಸೂಗಮ್ಮ ತಲೆಯಾಡಿಸಿದಳು. ಸುನಂದಾ ಬಾಳೆಗೊನೆ ಬಿಟ್ಟು ಬಾಗಿಲಿಗೆ ಬಂದು ನಿಂತಳು.

ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ತೋರುವಂತೆ ಗೌತಮ ಮಾಡಿದ್ದ. ಪಾಠ ಶುರುವಾಯಿತು. ಐವತ್ತಾರು, ಐವತ್ತೆಂಟು. ಏರಲಿಲ್ಲ. ತ್ರಿಕೋನ, ಸೀಮೆಸುಣ್ಣ, ಹಿಂದಿನ ಗರಗರ. ಅದು ಯಂತ್ರದ ಸದ್ದೆಂದು ಇಷ್ಟು ಹೊತ್ತು ಅಂದುಕೊಂಡಿದ್ದ. ಯಂತ್ರ ಈಗ ಉಸಿರು ಕೇಳದಷ್ಟು ಮೆತ್ತಗೆ ನಡೆಯುತ್ತಿದ್ದರೂ ಅದು ಕೇಳುತ್ತಲೇ ಇತ್ತು.

"ಅವ್ವಾ," ಎಂದಳು ಮಲ್ಲಿಕಾ.

ಈ ಸಲ ಚಿತ್ರ ನಿಲ್ಲಲಿಲ್ಲ.

"ಆ ಫ್ಯಾನ್ ಬಂದ್ ಮಾಡು ಬಾ. ಗಾಳಿ ಸಪ್ಪಳ ಭಾಳ ಆಗಾಕತ್ತದ."

ಹೇಳಿ, ಅವಳು ಕಾಯತೊಡಗಿದಳು. ಅವಳ ಕಣ್ಣು ಬಾಗಿಲ ಪಕ್ಕದ ಗೋಡೆಯ ಕಡೆಗಿತ್ತು. ಕೋಣೆಯ ಫ್ಯಾನಿನ ಸ್ವಿಚ್ಚು ಇದ್ದದ್ದು ಅಲ್ಲೇ.

"ಬಂದೆ, ಬಂದೆ," ಎನ್ನುತ್ತ ಸೂಗಮ್ಮ ಎದ್ದಳು. ಸುನಂದಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಳೆ ಸದ್ದಾಯಿತು. ಸ್ಪೀಕರಿನಿಂದಲೋ, ಬಾಗಿಲ ಬಳಿಯಿಂದಲೋ, ಗೌತಮನಿಗೆ ತಿಳಿಯಲಿಲ್ಲ. ಸ್ವಿಚ್ಚು ಟಕ್ ಎಂದಿತು. ಒಂದೇ ಸಲ. ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ಗರಗರ ಸದ್ದು ಸಣ್ಣದಾಗುತ್ತ ಆಗುತ್ತ ಪರದೆಯೊಳಗೂ ಕೋಣೆಯಲ್ಲೂ ಒಟ್ಟಿಗೇ ನಿಂತಿತು.

"ಹಾಂ, ಈಗ ಛಲೋ ಆತು," ಎಂದು ಮಲ್ಲಿಕಾ ಬಾಗಿಲ ಕಡೆ ನೋಡಿ ನಕ್ಕಳು. "ಹೋಗು, ಲಾರಿಯವ ಕಾಯಾಕತ್ತಾನ."

ಆಮೇಲೆ ಹಲಗೆಗೆ ತಿರುಗಿ, ಮೂರು ಕೋನ ಕೂಡಿಸಿದರೆ ಎಷ್ಟಾಗುತ್ತದೆ ಎಂದು ಮಕ್ಕಳನ್ನು ಕೇಳಿದಳು.

ಸೂಗಮ್ಮ ಹೋಗಲಿಲ್ಲ. ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಕೋಣೆಯಲ್ಲಿ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಗೌತಮನ ಕತ್ತಿನಿಂದ ಬೆವರು ಇಳಿಯಿತು. ಡಬ್ಬಿಯ ಹಿಂದೆ ಕರಿದಾರದ ತುದಿ ಮಾತ್ರ ಗೋಡೆಯ ಕಡೆಗೆ ಚಾಚಿಕೊಂಡು ಒಂದೇ ಸಮನೆ ಆಡುತ್ತಿತ್ತು.