ಎಡಗಡೆಯ ಕುರ್ಚಿ

ನಮ್ಮ ಹಜಾರದ ಕಿಟಕಿಯ ಮುಂದೆ ಎರಡು ಬೆತ್ತದ ಕುರ್ಚಿಗಳು ಬಸ್ಸಿನ ಸೀಟುಗಳಂತೆ ಒಂದರ ಪಕ್ಕ ಒಂದು ನಿಂತಿದ್ದ ಕಾಲವೊಂದಿತ್ತು. ಎಡಗಡೆಯ ಕುರ್ಚಿಯ ಮೇಲೆ ಯಾವಾಗಲೂ ಒಂದು ಸ್ಟೀಲಿನ ಊಟದ ತಟ್ಟೆ. ಮನೆಗೆ ಬಂದವರು ಅದನ್ನು ನೋಡಿ, ಊಟಕ್ಕೆ ಏಳಿಸುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದು, ಯಾರೂ ಏಳಿಸದಿದ್ದಾಗ ತಾವೇ ಎದ್ದು ಹೋಗುತ್ತಿದ್ದರು. ಅದು ತಟ್ಟೆಯಲ್ಲ, ಕಾರಿನ ಸ್ಟಿಯರಿಂಗ್ ಎಂದು ಹೇಗೆ ಹೇಳುವುದು? ಹೇಳಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ನನ್ನ ಗಂಡ ಧರಣೇಂದ್ರ ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ಊರಿನ ಡಾಕ್ಟರು, ವಕೀಲರು, ತಹಶೀಲ್ದಾರರು ಎಲ್ಲರೂ ಒಂದು ಕಾಲದಲ್ಲಿ ಇವರಿಂದ ಬೈಸಿಕೊಂಡೇ ಕ್ಲಚ್ಚು ಬಿಡುವುದನ್ನು ಕಲಿತವರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಪಕ್ಕದಲ್ಲಿ ಕೂತವರು ಅದನ್ನು ಒತ್ತಿ ಎಲ್ಲರ ಜೀವ ಉಳಿಸಬೇಕು. ವರ್ಷಗಟ್ಟಲೆ ಆ ಬ್ರೇಕ್ ಒತ್ತಿ ಒತ್ತಿ ಇವರ ಬಲಗಾಲಿಗೆ ಅದೊಂದು ಚಾಳಿಯೇ ಆಗಿಹೋಗಿತ್ತು. ಯಾರ ಕಾರಿನಲ್ಲಿ ಕೂತರೂ ಕಾಲು ಮ್ಯಾಟನ್ನು ಒತ್ತುತ್ತಲೇ ಇರುತ್ತಿತ್ತು. ದಿಬ್ಬಣದ ಬಸ್ಸಿನಲ್ಲೂ ಮುಂದಿನ ಸೀಟಿನ ಕಬ್ಬಿಣದ ಪಟ್ಟಿಯನ್ನು ಒತ್ತುತ್ತಿದ್ದರೆಂದು ನನ್ನ ತಂಗಿ ಇಂದಿಗೂ ಆಡಿಕೊಳ್ಳುತ್ತಾಳೆ.

ನನಗೂ ಅವರೇ ಕಲಿಸಿದ್ದು. ಊರಾಚೆ ನನ್ನದೊಂದು ಸಸಿಗಳ ನರ್ಸರಿ ಇತ್ತು. ಕುಂಡ, ಗೊಬ್ಬರ ಎಲ್ಲವನ್ನೂ ನಾನೇ ಕಾರಿನಲ್ಲಿ ಹೇರಿಕೊಂಡು ಹೋಗಿ ಬರುತ್ತಿದ್ದೆ. ಆದರೆ ಇಬ್ಬರೂ ಒಟ್ಟಿಗೆ ಹೊರಟರೆ ಮಾತ್ರ ಸ್ಟಿಯರಿಂಗ್ ಅವರದು, ಎಡಗಡೆಯ ಸೀಟು ನನ್ನದು. ಮದುವೆಯ ದಿನ ಹಿರಿಯರು "ಹುಡುಗೀನ ಎಡಕ್ಕೆ ಕೂರಿಸಿ" ಎಂದು ಕೂರಿಸಿದ್ದರಲ್ಲ, ಅಲ್ಲಿಂದ ನಾನು ಎಡಗಡೆಯವಳೇ. ಫೋಟೋದಲ್ಲಿ, ಸಿನಿಮಾದಲ್ಲಿ, ಸಂಜೆ ತಿರುಗಾಡಲು ಹೋದಾಗ, ಎಲ್ಲೆಲ್ಲೂ ಎಡಕ್ಕೇ.

ಅವರ ಶಾಲೆಯ ಗೋಡೆಯ ಮೇಲೆ ಹಳೆಯದೊಂದು ಕ್ಯಾಲೆಂಡರ್ ಇತ್ತು. ಅದರ ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಯಾರೂ ಅದನ್ನು ತೆಗೆದಿರಲಿಲ್ಲ. ಹಿಮದ ಬೆಟ್ಟವೊಂದನ್ನು ತಿರುವಿನ ಮೇಲೆ ತಿರುವಾಗಿ ಹತ್ತುವ ರಸ್ತೆಯ ಚಿತ್ರ ಅದು. ಆಸ್ಟ್ರಿಯಾ ದೇಶದ್ದು. ಇವರು ಅದರ ಮೇಲೆ ಕೋಲಿಟ್ಟು, "ಈ ತಿರುವಲ್ಲಿ ಯಾವ ಗೇರು?" ಎಂದು ಪಾಠ ಮಾಡುತ್ತಿದ್ದರು. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಅದೇ ಕೋಲಿನಿಂದ ಬೆಟ್ಟದ ನೆತ್ತಿ ತೋರಿಸಿ, "ಒಂದಿನ ಇಲ್ಲೀವರೆಗೂ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತೀನಿ ನೋಡ್ತಿರು" ಎಂದಿದ್ದರು. ಆಗ ಪೆಟ್ರೋಲು ಹಾಕಿಸಿ ಪಕ್ಕದ ಊರಿಗೆ ಹೋಗುವುದೇ ನಮಗೆ ಪ್ರವಾಸ. ಆದರೂ ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಒಂದು ವರ್ಷ ಅವರು ಇದ್ದಕ್ಕಿದ್ದಂತೆ ಶಾಲೆಯನ್ನು ತಮ್ಮ ಸಹಾಯಕನ ಕೈಗೊಪ್ಪಿಸಿ ಮನೆಯಲ್ಲಿ ಕೂತರು. ಸುಮ್ಮನೆ ಸಾಕಾಯಿತು ಎಂದರು. ಕೊನೆಕೊನೆಗೆ ಮೇಷ್ಟ್ರಿಗೆ ಜಂಬ ಬಂದಿತ್ತು, ಏನಾದರೂ ಕೇಳಿದರೆ ಉತ್ತರವನ್ನೇ ಕೊಡುತ್ತಿರಲಿಲ್ಲ ಎಂದು ಕಲಿಯುವವರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಜಂಬ ಪಡುವ ಜೀವವೇ ಅಲ್ಲ ಅದು ಎಂದು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಹೇಗೂ ಬಿಡುವಾಯಿತಲ್ಲ, ಇನ್ನು ಕ್ಯಾಲೆಂಡರಿನ ರಸ್ತೆಗೆ ಹೋಗಲು ಅಡ್ಡಿಯೇನು ಎಂಬುದೊಂದೇ ನನ್ನ ತಲೆಯಲ್ಲಿ.

ಯುರೋಪಿನ ದೊಡ್ಡದೊಂದು ರಸ್ತೆ ನಕ್ಷೆ ತರಿಸಿದೆ. ಅದನ್ನು ಊಟದ ಮೇಜಿನ ಮೇಲೆ ಹಾಸಿದ ಮೇಲೆ ನಾವು ನೆಲದ ಮೇಲೆ ಉಣ್ಣತೊಡಗಿದೆವು. ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಕಾರು ಬಾಡಿಗೆಗೆ ಹಿಡಿದು, ಆ ಬೆಟ್ಟ ಹತ್ತಿ ಇಳಿದು, ಇಟಲಿಯ ಗಾರ್ಡಾ ಸರೋವರದ ದಡದಲ್ಲಿ ಪ್ರಯಾಣ ಮುಗಿಸುವುದು ನನ್ನ ಯೋಜನೆ. ರಾತ್ರಿ ತಂಗುವ ಊರುಗಳ ಮೇಲೆಲ್ಲ ಚೌಕಾಬಾರದ ಹುಣಸೆ ಬೀಜ ಇಟ್ಟೆ. ಬೆಟ್ಟದ ನೆತ್ತಿಯ ಹತ್ತಿರ ಒಂದು ವಸತಿಗೃಹವಿತ್ತು. ಅಲ್ಲಿಗೆ ಮಾತ್ರ ಎಲ್ಲಕ್ಕಿಂತ ದಪ್ಪನೆಯ ಬೀಜ.

ಮೊದಮೊದಲು ಅವರಿಗೂ ಉಮೇದೇ. ಕನ್ನಡಕ ಹಾಕಿಕೊಂಡು ನಕ್ಷೆಯ ಮೇಲೆ ಬಗ್ಗಿ, "ಈ ಇಳಿಜಾರಲ್ಲಿ ಎರಡನೇ ಗೇರೇ ಸರಿ" ಎನ್ನುತ್ತಿದ್ದರು. ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ, ನನ್ನ ದಪ್ಪ ಬೀಜ ಬೆಟ್ಟದಿಂದ ಇಳಿದು ತಪ್ಪಲಿನ ಯಾವುದೋ ಊರಿನಲ್ಲಿ ಕೂತಿದೆ. ಹಲ್ಲಿಯ ಕೆಲಸವಿರಬೇಕೆಂದು ಮತ್ತೆ ಮೇಲಿಟ್ಟೆ. ಮರುದಿನ ಎಲ್ಲ ಬೀಜಗಳೂ ಸಾಲಾಗಿ ರೈಲು ಹಳಿಯ ಮೇಲಿದ್ದವು. ಹಲ್ಲಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

"ಏನ್ರೀ ಇದು?"

"ಅಲ್ಲಿನ ರೈಲುಗಳು ಬಹಳ ಚೆನ್ನಾಗಿರ್ತವಂತೆ ಕಣೇ. ಆರಾಮಾಗಿ ಕೂತ್ಕೊಂಡು ನೋಡ್ಬಹುದು."

ರೈಲೆಂದರೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗುವ ಪ್ರಯಾಣ ಎಂದು ಜೀವಮಾನವೆಲ್ಲ ಗೇಲಿ ಮಾಡಿದ ಮನುಷ್ಯನ ಬಾಯಲ್ಲಿ ಈ ಮಾತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಕೋಲು ಹಿಡಿದು ಹೇಳಿದ್ದ ಮಾತು ಅವರಿಗೆ ಮರೆತೇ ಹೋಯಿತೇ? ಅಥವಾ ನನ್ನ ಜೊತೆ ಹೋಗುವ ಮನಸ್ಸೇ ಇಲ್ಲವೇ? "ರೈಲಲ್ಲಿ ಹೋಗೋದಾದ್ರೆ ನಾನು ಬರಲ್ಲ" ಎಂದುಬಿಟ್ಟೆ. ಒಂದೆರಡು ದಿನ ನಮ್ಮ ನಡುವೆ ಉಪ್ಪು, ಸಾರು ಎಂಬಷ್ಟೇ ಮಾತು.

ಬಹುಶಃ ಆ ದೇಶದಲ್ಲಿ ಎಲ್ಲ ತಿರುಗುಮುರುಗಾಗಿರುವುದೇ ಅವರ ಅಳುಕು ಎಂದು ನನಗೆ ಆಮೇಲೆ ಹೊಳೆಯಿತು. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಸ್ಟಿಯರಿಂಗ್ ಕಾರಿನ ಎಡಕ್ಕಿರುತ್ತದೆ. ಮೇಷ್ಟ್ರಿಗೆ ಮತ್ತೆ ಮೊದಲಿನಿಂದ ಕಲಿಯಲು ನಾಚಿಕೆಯಿದ್ದರೆ ಮನೆಯಲ್ಲೇ ಕಲಿಯಲಿ. ಹಾಗೆ ಆ ಬೆತ್ತದ ಕುರ್ಚಿಗಳು ಕಿಟಕಿಯ ಮುಂದೆ ಬಂದವು, ತಟ್ಟೆ ಎಡಗಡೆಯ ಕುರ್ಚಿಯನ್ನೇರಿತು. ಅವರು ಬೆನ್ನುನೋವು, ನೆಂಟರು, ಕಣ್ಣುರಿ ಎಂದು ದಿನಕ್ಕೊಂದು ನೆಪ ಹುಡುಕಿದರು. ನಾನೂ ಬಿಡುವವಳಲ್ಲ. ಕೊನೆಗೊಂದು ಮಧ್ಯಾಹ್ನ ರಟ್ಟೆ ಹಿಡಿದು ಎಡಗಡೆಯ ಕುರ್ಚಿಯಲ್ಲಿ ಕೂರಿಸಿ ಕೈಗೆ ತಟ್ಟೆ ಕೊಟ್ಟೆ. ನಾನು ಬಲಗಡೆಯ ಕುರ್ಚಿಯಲ್ಲಿ ತೊಡೆಯ ಮೇಲೆ ನಕ್ಷೆ ಹರಡಿಕೊಂಡು ಕೂತೆ.

ಸೆಖೆಯ ದಿನ. ತಲೆಯ ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. "ಸಾಲ್ಜ್‌ಬರ್ಗ್ ಬಿಟ್ವಿ. ನೇರ ಹೋಗಿ" ಎಂದೆ. ಅವರು ಗಂಭೀರವಾಗಿ ತಟ್ಟೆ ಹಿಡಿದು ಕಿಟಕಿಯಾಚೆಯ ನುಗ್ಗೆ ಮರವನ್ನು ನೋಡುತ್ತಿದ್ದರು. "ಈಗ ಬಲಕ್ಕೆ." ತಟ್ಟೆ ಅಲುಗಲಿಲ್ಲ. "ಬಲಕ್ಕೆ ಅಂದೆ. ಎದುರಿಗೆ ಕೆರೆ ಇದೆ." ನೇರ ಕೆರೆಗೇ ಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

"ರೀ" ಎಂದೆ, ಸಣ್ಣ ದನಿಯಲ್ಲಿ.

ಅವರು ನುಗ್ಗೆ ಮರವನ್ನೇ ನೋಡುತ್ತಿದ್ದರು. ಇನ್ನೊಮ್ಮೆ "ರೀ" ಎಂದೆ. ಬಲಗೆನ್ನೆಯ ಒಂದು ನರವೂ ಮಿಡಿಯಲಿಲ್ಲ. ನಾನು ಮೆಲ್ಲಗೆ ಎದ್ದು, ಕುರ್ಚಿಗಳ ಹಿಂದಿನಿಂದ ಸುತ್ತಿಬಂದು ಅವರ ಎಡಕ್ಕೆ ನಿಂತು ಅದೇ ದನಿಯಲ್ಲಿ ಕರೆದೆ.

"ಹ್ಞೂಂ" ಎಂದು ತಿರುಗಿದರು. ನಾನು ನಿಂತಿರುವ ಜಾಗ ನೋಡಿದರು, ಖಾಲಿ ಕುರ್ಚಿ ನೋಡಿದರು. ಸಿಕ್ಕಿಬಿದ್ದೆನೆಂದು ಅವರಿಗೆ ತಿಳಿಯಿತು. ತಟ್ಟೆಯನ್ನು ಮಡಿಲಿಗೆ ಇಳಿಸಿಕೊಂಡರು.

"ಯಾವಾಗಿಂದ?" ಎಂದೆ.

"ಆ ವಿಷಮಶೀತ ಜ್ವರ ಬಂದಿತ್ತಲ್ಲ, ಆವಾಗಿಂದ. ಬಲಗಿವಿ ಪೂರ್ತಿ ಹೋಯ್ತು. ಡಾಕ್ಟರಿಗೆ ತೋರಿಸ್ದೆ, ನರಾನೇ ಹೋಗಿದೆ, ಮಷೀನು ಹಾಕಿದ್ರೂ ಉಪಯೋಗ ಇಲ್ಲ ಅಂದ್ರು. ಕಲಿಯೋರು ಕೂರೋದು ನನ್ನ ಬಲಕ್ಕೆ ತಾನೇ? ಅವರೇನು ಕೇಳ್ತಿದಾರೆ ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಶಾಲೆ ಬಿಟ್ಟೆ."

"ನನಗೆ ಯಾಕೆ ಹೇಳ್ಲಿಲ್ಲ? ನಾನೇನು ಬೀದೀಲಿ ಹೋಗೋಳಾ?" ನನಗೆ ಅಳು ಬಂದುಬಿಟ್ಟಿತ್ತು.

"ನೀನು ಯಾವಾಗ್ಲೂ ಎಡಗಡೇನೇ ಇದ್ದೆಯಲ್ಲೇ" ಎಂದರು. "ನಿನ್ನ ಒಂದು ಮಾತೂ ತಪ್ಪಿ ಹೋಗ್ಲಿಲ್ಲ. ಹೇಳೋ ಸಂದರ್ಭಾನೇ ಬರ್ಲಿಲ್ಲ."

ಸಿನಿಮಾದಲ್ಲಿ ಸೀಟು ಅದಲುಬದಲು ಮಾಡಿಸುತ್ತಿದ್ದದ್ದು, ರಸ್ತೆಯಲ್ಲಿ ತಾವು ವಾಹನಗಳ ಕಡೆಗೇ ಇರುತ್ತಿದ್ದದ್ದು ಎಲ್ಲ ನನಗೆ ಒಮ್ಮೆಲೇ ನೆನಪಾಯಿತು. ಗಾಡಿ ತಾಗದಿರಲೆಂದು ನನ್ನನ್ನು ಕಾಯುತ್ತಿದ್ದಾರೆಂದುಕೊಂಡು ಎಷ್ಟು ಬೀಗಿದ್ದೆ.

"ಅಲ್ಲಿ ನೀನು ಬಲಕ್ಕೆ ಕೂತಿರ್ತೀಯ" ಎಂದು ಅವರೇ ಮುಂದುವರಿಸಿದರು. "ದಾರಿ ತಪ್ಪಿದ್ರೆ ಹೋಗ್ಲಿ, ಹೇಗೋ ಕಂಡ್ಕೋಬಹುದು. ಆದ್ರೆ ಆ ಬೆಟ್ಟ ನೋಡಿ ನೀನು ಏನಾದ್ರೂ ಅಂತೀಯಲ್ಲ, ಇಷ್ಟು ವರ್ಷ ಕಾದೋಳು, ಏನೋ ಒಂದು ಅಂದೇ ಅಂತೀಯ. ಅದು ನನಗೆ ಕೇಳದೇ ಹೋದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು? ರೈಲಾದ್ರೆ ಬೇಕಾದ ಕಡೆ ಕೂರಬಹುದು ಅಂದ್ಕೊಂಡೆ."

ಎಡಗಿವಿಯ ಪಕ್ಕದಲ್ಲೇ ನಿಂತು ಅವರ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಈ ಮನುಷ್ಯನನ್ನು ನಾನು ಎಷ್ಟು ಇಷ್ಟಪಡುತ್ತೇನೆಂದು ಆ ದಿನ ನನಗೇ ಹೊಸದಾಗಿ ಗೊತ್ತಾಯಿತು. ರೈಲಾದರೆ ರೈಲೇ ಆಗಲಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ.

ಮಾರನೆಯ ದಿನ ಕುರ್ಚಿಗಳನ್ನು ಅವುಗಳ ಜಾಗಕ್ಕೆ ಸೇರಿಸಲು ಹೋದೆ. ಕಸ ಗುಡಿಸಿ ದಣಿದಿದ್ದವಳು ಕೈಗೆ ಸಿಕ್ಕ ಎಡಗಡೆಯ ಕುರ್ಚಿಯಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವರು ಪೇಪರು ಹಿಡಿದು ಬಂದು, ಬೇರೆ ಕುರ್ಚಿಯಿಲ್ಲದೆ ನನ್ನ ಬಲಕ್ಕೆ ಕೂತರು. ನಾನು ನನ್ನಷ್ಟಕ್ಕೇ, "ತೊಗರಿಬೇಳೆ ಮುಗಿದಿದೆ" ಎಂದು ಗೊಣಗಿಕೊಂಡೆ.

"ಸಂಜೆ ತರ್ತೀನಿ" ಎಂದರು ಪೇಪರಿನಿಂದ ತಲೆಯೆತ್ತದೆ.

ನಾನು ಅವರನ್ನು ನೋಡಿದೆ. ಮಡಿಲಿನಲ್ಲಿದ್ದ ತಟ್ಟೆಯನ್ನು ನೋಡಿದೆ. ಆಮೇಲೆ ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ರೀ, ನಾನೀಗ ಎಲ್ಲಿ ಕೂತಿದೀನಿ?"

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ನಾನು ಅವರ ಎಡಕ್ಕೇ ಇದ್ದೆ, ಮತ್ತು ನಾನು ಕೂತಿದ್ದದ್ದು ಆ ದೇಶದ ಕಾರಿನ ಡ್ರೈವರ್ ಸೀಟು. ಮುಖ ಅರಳಿತು, ಅರಳಿದಷ್ಟೇ ಬೇಗ ಮುದುಡಿತು. "ಬೆಟ್ಟದ ರಸ್ತೇಲಿ? ನೀನಾ?"

"ಕಲಿಸಿದ ಮೇಷ್ಟ್ರು ಸರಿಯಿಲ್ವೇನೋ."

"ಹಾಗಲ್ವೇ. ನನ್ನ ಕಾಲ ಕೆಳಗೆ ಬ್ರೇಕ್ ಇಲ್ದೆ ನಾನು ಯಾರ ಪಕ್ಕದಲ್ಲೂ ನೆಮ್ಮದಿಯಾಗಿ ಕೂತೋನಲ್ಲ." ಪೇಪರು ಮಡಚಿ ಎದ್ದು ಹೋದರು. ಆ ವಾರವೆಲ್ಲ ಅದರ ಮಾತೇ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದವರು ಅವರು. ಹೆಂಡತಿ ಓಡಿಸುವ ಕಾರಿನಲ್ಲಿ ಕೂತು ಹೋಗುವುದು ಬೇರೆ. ಊರಿಗೇ ಗುರುವಾದವರಿಗೆ ಅದು ಗಂಟಲಲ್ಲಿ ಇಳಿಯಲು ಸಮಯ ಬೇಕೇ ಬೇಕು.

ಒಂದು ಬೆಳಿಗ್ಗೆ ಕಾಫಿ ಹಿಡಿದು ಮೇಜಿನ ಬಳಿ ಬಂದೆ. ರೈಲು ಹಳಿಯ ಮೇಲೆ ಒಂದು ಬೀಜವೂ ಇರಲಿಲ್ಲ. ಎಲ್ಲವೂ ರಸ್ತೆಗೆ ಬಂದಿದ್ದವು. ಅತಿ ದಪ್ಪನೆಯದು ಬೆಟ್ಟದ ನೆತ್ತಿಯ ಮೇಲೆ ಕೂತಿತ್ತು. ಹಿತ್ತಲಿನಲ್ಲಿ ಅವರು ಗಟ್ಟಿಯಾಗಿ ಕೆಮ್ಮುತ್ತ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದರು, ಹಿಂದಿನ ಸಂಜೆ ನಾನೇ ನೀರುಣಿಸಿದ್ದ ಬಳ್ಳಿಗೆ.

ಆಮೇಲೆ ಹೊರಡುವವರೆಗೂ ನಾನು ತಟ್ಟೆ ತಿರುಗಿಸಿದೆ, ಅವರು ನಕ್ಷೆ ಓದಿದರು. ಬೈಗುಳಕ್ಕೇನೂ ಕೊರತೆಯಾಗಲಿಲ್ಲ. "ಕನ್ನಡಿ ನೋಡು, ಕನ್ನಡಿ ನೋಡು!" ಎಂದು ಇಲ್ಲದ ಕನ್ನಡಿಗೆ ಕೂಗುತ್ತಿದ್ದರು. ನೆಲದ ಕೆಂಪು ಗಾರೆಯನ್ನು ಅವರ ಬಲಗಾಲು ಒತ್ತಿದ್ದೇ ಒತ್ತಿದ್ದು.

ಆ ಬೆಟ್ಟದ ಬುಡಕ್ಕೆ ನಾವು ನಿಜವಾಗಿಯೂ ತಲುಪಿದ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಕ್ಯಾಲೆಂಡರಿನಲ್ಲಿ ನೋಡಿದ್ದ ತಿರುವುಗಳು ಒಂದೊಂದಾಗಿ ಬಂದವು. ಕ್ಯಾಲೆಂಡರಿನಲ್ಲಿ ಕಾಣದಿದ್ದ ಪ್ರಪಾತಗಳೂ ಬಂದವು. "ಎರಡನೇ ಗೇರು. ಆತುರ ಬೇಡ. ಹ್ಞಾಂ, ಹಾಗೆ" ಎಂದು ಅವರು ಪಕ್ಕದಿಂದ ಹೇಳುತ್ತ ಬಂದರು. ಅರ್ಧ ದಾರಿಯಾದ ಮೇಲೆ ಹೇಳುವುದನ್ನೂ ನಿಲ್ಲಿಸಿದರು. ಕೊನೆಯ ತಿರುವು ದಾಟುತ್ತಿದ್ದಂತೆ ಹಿಮದ ಗೋಡೆ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಎದ್ದು ನಿಂತಿತು. ಹೇಳಬೇಕೆಂದು ವರ್ಷಗಳಿಂದ ಏನೇನೋ ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ರೀ" ಎಂದೆ. ನನಗೇ ಕೇಳಿಸಿತೋ ಇಲ್ಲವೋ.

"ಹ್ಞೂಂ" ಎಂದರು.

ರಸ್ತೆ ಸ್ವಲ್ಪ ನೇರವಾದಾಗ ನಾನು ಅವರ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ಅವರ ಬೂಟುಗಳೆರಡೂ ಕೆಳಗೆ ಮ್ಯಾಟಿನ ಮೇಲೆ ಖಾಲಿ ಬಿದ್ದಿದ್ದವು. ಅವರು ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಟ್ಟು, ಮನೆಯ ಜಗುಲಿಯಲ್ಲಿ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು, ಬೆಟ್ಟ ನೋಡುತ್ತಿದ್ದರು.