ಅತ್ತಿಗೆಯ ಜೇಬಿನ ಪ್ಲಗ್ಗು

ನನ್ನ ಅತ್ತಿಗೆಯ ಕೋಟಿನ ಬಲಜೇಬಿನಲ್ಲಿ ದಿನದ ಬಹುಪಾಲು ಹೊತ್ತು ಒಂದು ಮೂರು ಪಿನ್ನಿನ ಪ್ಲಗ್ಗು ಇರುತ್ತದೆ. ಬೇರೆಯವರು ಕರವಸ್ತ್ರವನ್ನೋ ಬೀಗದ ಕೈಯನ್ನೋ ಇಟ್ಟುಕೊಳ್ಳುವ ಜಾಗದಲ್ಲಿ ಇವರದು ಪ್ಲಗ್ಗು. ಅದಕ್ಕೆ ಅಂಟಿದ ಮೂರು ಗಜ ಕಪ್ಪು ವೈರು. ಆ ವೈರಿನ ಕೊನೆಗೆ, ಎಡಗೈಯಲ್ಲಿ ತೂಗುವ, ಕಬ್ಬಿಣ ಕೊಯ್ಯುವ ಗ್ರೈಂಡರು. ಯಂತ್ರ ಓಡುವಷ್ಟು ಹೊತ್ತು ಮಾತ್ರ ಪ್ಲಗ್ಗು ಗೋಡೆಯಲ್ಲಿ. ಚಕ್ರ ಬದಲಿಸುವಾಗ, ಚಕ್ರಕ್ಕೆ ಮರೆಯಾದ ತಗಡಿನ ಗಾರ್ಡು ತಿರುಗಿಸುವಾಗ, ಗಿರಾಕಿಯೊಡನೆ ಮಾತಾಡುವಾಗ, ಅಷ್ಟೇ ಏಕೆ, ನೀರು ಕುಡಿಯುವಾಗ ಕೂಡ ಅದು ಜೇಬಿನಲ್ಲೇ. ಬೀದಿಯಿಂದ ಯಾರಾದರೂ ಕರೆದರೆ ಅತ್ತಿಗೆ ಹೀಗೆಯೇ ಯಂತ್ರಸಮೇತರಾಗಿ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಹಗ್ಗ ಹಿಡಿದು ಕರು ಮೇಯಿಸಲು ಹೊರಟವರ ಹಾಗೆ.

ಕೋಟು ಅಸಲಿಗೆ ನನ್ನ ಅಣ್ಣನದು. ದಪ್ಪ ಹತ್ತಿಬಟ್ಟೆಯದು, ಒಂದು ಕಾಲಕ್ಕೆ ನೀಲಿಯಾಗಿದ್ದದ್ದು, ಕಿಡಿ ಸಿಡಿದು ಎದೆಯ ಮೇಲೆಲ್ಲ ಸಣ್ಣ ಸಣ್ಣ ತೂತು ಬಿದ್ದಿರುವುದು. ಅತ್ತಿಗೆ ಅದರ ತೋಳನ್ನು ತಮ್ಮ ಮಣಿಕಟ್ಟಿನ ಅಳತೆಗೆ ಕತ್ತರಿಸಿ ಬಿಗಿಯಾಗಿ ಹೊಲಿದುಕೊಂಡು, ಕೊರಳಿನವರೆಗೂ ಗುಂಡಿ ಹಾಕಿಕೊಳ್ಳುತ್ತಾರೆ. ಜಡೆ ಟೋಪಿಯೊಳಗೆ, ಸರ ಉಂಗುರಗಳು ಡಬ್ಬಿಯೊಳಗೆ. ತೂಗಾಡುವ ಯಾವ ವಸ್ತುವಿಗೂ ಆ ಮೈಮೇಲೆ ಪ್ರವೇಶವಿಲ್ಲ. ಅವರ ನಡಿಗೆಯೂ ಸ್ವಲ್ಪ ವಿಚಿತ್ರ. ತುಂಡು ಕಬ್ಬಿಣ ಬಿದ್ದಿರುವ ನೆಲದ ಮೇಲೆ ವರ್ಷಗಟ್ಟಲೆ ಓಡಾಡಿ, ಪ್ರತಿ ಹೆಜ್ಜೆಗೂ ಭೂಮಿಯ ಅಪ್ಪಣೆ ಕೇಳಿ ಪಾದ ಊರುವುದು ರೂಢಿಯಾಗಿಬಿಟ್ಟಿದೆ. ನಮ್ಮ ಮನೆಯ ನುಣುಪು ನೆಲದ ಮೇಲೂ ಅವರು ಹಾಗೆಯೇ ನಡೆದು ಬಂದಾಗ, ನಾವೇ ಏನೋ ಚೆಲ್ಲಿದ್ದೇವೆಂದು ನನ್ನ ಹೆಂಡತಿ ಪೊರಕೆ ಹಿಡಿದು ಹೊರಡುತ್ತಾಳೆ.

ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ಕೈಹಿಡಿ ಮಾಡಿಕೊಡುವ ಅವರ ಅಂಗಡಿಯಲ್ಲಿ ಬೆಳಗಿನ ಮೊದಲ ಅರ್ಧ ಗಂಟೆ ಯಾವ ಸದ್ದೂ ಹುಟ್ಟುವುದಿಲ್ಲ. ಅತ್ತಿಗೆ ಸ್ಟೂಲಿನ ಮೇಲೆ ಕುಳಿತು ವೈರನ್ನು ತೊಡೆಯ ಮೇಲೆ ಹಾಕಿಕೊಂಡು, ಮಗುವಿನ ತಲೆಯಲ್ಲಿ ಹೇನು ಹುಡುಕುವ ಶ್ರದ್ಧೆಯಿಂದ ಅಂಗುಲ ಅಂಗುಲವಾಗಿ ಬೆರಳಾಡಿಸುತ್ತಾರೆ. ಎಲ್ಲಿಯಾದರೂ ಸಿಪ್ಪೆ ಸುಲಿದಿದೆಯೇ, ಬಿಸಿ ತಗುಲಿ ಮೆತ್ತಗಾಗಿದೆಯೇ ಎಂದು. ಆಮೇಲೆ ಚಕ್ರದ ಸರದಿ. ಅದು ತಾಳಬಲ್ಲುದೆಂದು ಅದರ ಮೇಲೆ ಅಚ್ಚಾದ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿದ್ದರೆ ಅದು ವಾಪಸು. ಕೈಜಾರಿ ನೆಲಕ್ಕೆ ಬಿದ್ದ ಚಕ್ರಕ್ಕಂತೂ ಮರಣದಂಡನೆಯೇ: ಹೊಸದಿರಲಿ ಹಳೆಯದಿರಲಿ, ಸುತ್ತಿಗೆಯಿಂದ ಎರಡು ಹೋಳು ಮಾಡಿ ಗೋಡೆಯ ಮೊಳೆಗೆ ಸಿಕ್ಕಿಸಿಬಿಡುತ್ತಾರೆ. ಒಮ್ಮೆ ಗೇಟು ಮಾಡಿಸಲು ಬಂದವರೊಬ್ಬರು ಅದನ್ನು ಕಂಡು ಕಸಿವಿಸಿಗೊಂಡು, "ಅಯ್ಯೋ, ಅದು ಒಡೆದೇ ಇರಲಿಲ್ವಲ್ಲಮ್ಮಾ!" ಎಂದರು.

"ಒಡೆದಿದ್ರೆ ನಂಗೇನೂ ಭಯ ಇರ್ತಿರಲಿಲ್ಲ," ಎಂದರು ಅತ್ತಿಗೆ. "ಒಡೆದಿದೆಯೋ ಇಲ್ವೋ ಗೊತ್ತಾಗದೇ ಇರೋದೇ ಭಯ."

ಚಕ್ರ ಹಾಕಿ ಬಿಗಿ ಮಾಡಿದ ಮೇಲೂ ಕೆಲಸ ಶುರುವಾಗುವುದಿಲ್ಲ. ಗಾರ್ಡು ತಮ್ಮ ಕಡೆಗೆ, ಕಿಡಿ ಬರಿಗೋಡೆಯ ಕಡೆಗೆ, ವೈರು ಹೆಗಲಿನ ಹಿಂದಕ್ಕೆ; ಎರಡೂ ಕೈಯಲ್ಲಿ ಯಂತ್ರ ಹಿಡಿದು, ಚಕ್ರದ ನೇರದಿಂದ ಪಕ್ಕಕ್ಕೆ ಸರಿದು ನಿಂತು, ಒಂದು ಪೂರ್ತಿ ನಿಮಿಷ ಅದನ್ನು ಸುಮ್ಮನೆ ತಿರುಗಲು ಬಿಡುತ್ತಾರೆ. ಆಗ ಅವರ ಮುಖ ಸಂಗೀತ ಕೇಳುವವರ ಮುಖ. ಸಣ್ಣ ಅಪಸ್ವರ ಕಿವಿಗೆ ಬಿದ್ದರೂ ಸಾಕು, ಪ್ಲಗ್ಗು ಜೇಬಿಗೆ. ಕೊಯ್ದು ಮುಗಿದ ಮೇಲೆ ಸ್ವಿಚ್ಚು ಆರಿಸಿದರೂ ಚಕ್ರ ತನ್ನ ಗರ್ವದಲ್ಲಿ ಇನ್ನಷ್ಟು ಹೊತ್ತು ಸುತ್ತುತ್ತದಲ್ಲ, ಅದು ಪೂರಾ ನಿಲ್ಲುವವರೆಗೆ ಯಂತ್ರವನ್ನು ಕೆಳಗಿಡುವುದಿಲ್ಲ. ಅದರ ಕಡೆ ಬಾಗಿ, ಹಟಮಾರಿ ಮಗುವನ್ನು ಕೇಳುವ ದನಿಯಲ್ಲಿ, "ನಿಂತ್ಯಾ?" ಎನ್ನುತ್ತಾರೆ. ಮತ್ತೆ, "ನಿಂತ್ಯಾ?" ಬೀದಿಯವರೆಲ್ಲ ಅವರನ್ನು ಮರೆಯಲ್ಲಿ 'ನಿಂತ್ಯಾ ಅಕ್ಕ' ಎಂದೇ ಕರೆಯುವುದು, ಅದು ಅವರಿಗೂ ಗೊತ್ತು.

ಇಷ್ಟೊಂದು ವಿಧಿವಿಧಾನ ಹುಟ್ಟಿದ್ದು ಎಲ್ಲಿಂದ ಎಂದು ಕೇಳಿದರೆ, ನನ್ನ ಅಣ್ಣನ ಎಡಗೈಯಿಂದ ಎನ್ನಬೇಕು. ಹೇಳಲು ನನಗಿನ್ನೂ ಸಂಕಟವಾಗುತ್ತದೆ. ಅಣ್ಣ ಆ ಬೀದಿಗೆಲ್ಲ ಹೆಸರುವಾಸಿಯಾದ ಕೈ. ಬೆಸುಗೆಯ ಗಂಟನ್ನು ಅವನು ಉಜ್ಜಿ ಕೊಟ್ಟರೆ ಎರಡು ಕೊಳವೆ ಎಲ್ಲಿ ಸೇರಿವೆಯೆಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಂಗೈಗೂ ತಿಳಿಯುತ್ತಿರಲಿಲ್ಲ. ಕೈ ಅಷ್ಟು ಪಳಗಿದ್ದೇ ಮುಳುವಾಯಿತು. ಇಕ್ಕಟ್ಟಾದ ಮೂಲೆಗೆ ಎಟುಕುವುದಿಲ್ಲವೆಂದು ಗಾರ್ಡು ಬಿಚ್ಚಿಟ್ಟಿದ್ದ; ಐದು ನಿಮಿಷದ ಕೆಲಸವಲ್ಲವೇ ಎಂದು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಯಂತ್ರದ ಸ್ವಿಚ್ಚು ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಂಡು ಕೂರುವ ಜಾತಿಯದು. ಕರೆಂಟು ಹೋದರೂ ಅದು ಹಿಂದಕ್ಕೆ ಬರುವುದಿಲ್ಲ. ಸತ್ತ ಯಂತ್ರವೆಂದು ನಂಬಿ ಅಣ್ಣ, ಬಿಡುವು ಸಿಕ್ಕಿತಲ್ಲ, ಚಕ್ರವನ್ನಾದರೂ ಬದಲಿಸಿಬಿಡೋಣವೆಂದು, ಎಡಗೈಯಲ್ಲಿ ಚಕ್ರ ಹಿಡಿದು ಬಲಗೈಯಲ್ಲಿ ಸ್ಪ್ಯಾನರು ಹಾಕಿದ. ಪ್ಲಗ್ಗು ಗೋಡೆಯಲ್ಲೇ ಇತ್ತು. ಕರೆಂಟು ವಾಪಸು ಬಂತು.

ತೋರುಬೆರಳು, ನಡುಬೆರಳು, ಎರಡೂ ಅರ್ಧಕ್ಕೆ ಹೋದವು. ಗಾಯ ಮೂರು ತಿಂಗಳಲ್ಲಿ ಮಾಯಿತು. ಅಣ್ಣ ಮಾತ್ರ ಮಾಯಲಿಲ್ಲ. ಅಂಗಡಿಯ ಮುಂಭಾಗದ ಮೇಜಿನ ಬಳಿ ಕುಳಿತು ನಕ್ಷೆ ಬರೆಯುವುದು, ಅಳತೆ ತರುವುದು, ಅಷ್ಟಕ್ಕೇ ಸೈ ಎಂದುಬಿಟ್ಟ. ಒಳಗೆ ಗ್ರೈಂಡರಿನ ಸದ್ದು ಎದ್ದರೆ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಿದ್ದ. ಅಂಗಡಿ ಮುಚ್ಚುವುದೆಂದೇ ನಾವೆಲ್ಲ ತಿಳಿದಿದ್ದೆವು. ಅತ್ತಿಗೆ ವರ್ಷಗಳಿಂದ ಅಲ್ಲಿ ಬಣ್ಣ ಬಳಿಯುತ್ತಿದ್ದವರು, ಬೆಸುಗೆ ಒಂದಿಷ್ಟು ಬಲ್ಲವರು. ಗ್ರೈಂಡರನ್ನು ಅಲ್ಲಿಯವರೆಗೆ ಮುಟ್ಟಿದವರಲ್ಲ. ಅಣ್ಣನ ಕೋಟು ಹಾಕಿಕೊಂಡು ಒಂದು ಬೆಳಿಗ್ಗೆ ಒಳಗೆ ಹೋದರು. ಯಂತ್ರದ ಜೊತೆ ಬಂದಿದ್ದ ಸೂಚನಾಪುಸ್ತಿಕೆಯನ್ನು, ಮನುಷ್ಯಕುಲದಲ್ಲಿ ಬಹುಶಃ ಮೊದಲ ಬಾರಿಗೆ, ಆದಿಯಿಂದ ಅಂತ್ಯದವರೆಗೆ ಓದಿದರು. ಆಮೇಲೆ ನೆಲಕ್ಕೆ ಹಳದಿ ಬಣ್ಣದ ಗೆರೆಯೊಂದನ್ನು ಎಳೆದರು. ಕಣ್ಣಿಗೆ ಕಿಡಿ ತಡೆಯುವ ಕನ್ನಡಕವಿಲ್ಲದೆ ಯಾರೂ ಅದರಾಚೆ ಕಾಲಿಡಕೂಡದು. ಗೆರೆಯ ಪಕ್ಕದ ಗೋಡೆಗೆ ಎರಡು ಮೊಳೆ ಹೊಡೆದು, ಒಂದಕ್ಕೆ ತಮ್ಮ ಕನ್ನಡಕ, ಇನ್ನೊಂದಕ್ಕೆ ಅಣ್ಣನ ಕನ್ನಡಕ ನೇತುಹಾಕಿದರು.

ಅಣ್ಣ ನಾಲ್ಕು ವರ್ಷ ಆ ಗೆರೆ ದಾಟಲಿಲ್ಲ. ಅತ್ತಿಗೆ ನಾಲ್ಕು ವರ್ಷ ಆ ಎರಡನೆಯ ಕನ್ನಡಕವನ್ನು ದಿನವೂ ಸೋಪುನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಅದೇ ಮೊಳೆಗೆ ಹಾಕಿದರು. ಬನ್ನಿ ಎಂದು ಒಂದು ದಿನವೂ ಕರೆಯಲಿಲ್ಲ.

ನಾನು ಪತ್ರಿಕೆಯೊಂದರಲ್ಲಿ ಅಚ್ಚಿನ ತಪ್ಪು ತಿದ್ದುವವನು. ನನ್ನ ಕಣ್ತಪ್ಪಿಗೆ ಮರುದಿನ ಎರಡು ಸಾಲಿನ ತಿದ್ದುಪಡಿ ಹಾಕಿದರೆ ಮುಗಿಯಿತು. ಇಂಥ ಸುಲಭದ ಬದುಕಿನವರಿಗೆ ಬುದ್ಧಿ ಹೇಳುವ ಚಪಲ ಜಾಸ್ತಿ. ಅಣ್ಣನ ಮುಖ ನೋಡಲಾರದೆ ಒಮ್ಮೆ ಅತ್ತಿಗೆಗೆ ಹೇಳಿಯೂಬಿಟ್ಟೆ: "ಆ ಮಿಷನ್ ತೆಗೆದುಹಾಕಿ ಅತ್ತಿಗೆ. ಅದರ ಸದ್ದು ಕೇಳಿದಾಗೆಲ್ಲ ಅವನು ಸಾಯ್ತಾನೆ. ಆ ಕನ್ನಡಕವನ್ನಾದ್ರೂ ಅಲ್ಲಿಂದ ತೆಗೀರಿ."

ಅವರು ಒದ್ದೆ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಮಿಷನ್ ಏನು ಮಾಡ್ತು ಕಣಪ್ಪಾ? ತಿರುಗೋದೇ ಅದರ ಕೆಲಸ, ತಿರುಗ್ತು. ಕನ್ನಡಕ ತೆಗೆದ್ರೆ, ಇನ್ನು ನೀವು ಬರೋದು ಬೇಡ ಅಂತ ಅವರಿಗೆ ನಾನೇ ಹೇಳಿದ ಹಾಗಾಗಲ್ವಾ?" ಎಂದರು. ಕನ್ನಡಕ ಒರೆಸಿ ಮೊಳೆಗೆ ಹಾಕಿ ಒಳಗೆ ಹೋದರು.

ಆಸ್ಪತ್ರೆಯೊಂದರ ಮೂರು ಮಹಡಿಯ ಮೆಟ್ಟಿಲಿಗೆ ಕೈಹಿಡಿ ಮಾಡಿಕೊಡುವ ಕೆಲಸ ಬಂದದ್ದು ಹೋದ ವರ್ಷ. ಅದರಲ್ಲಿ ಗಂಟುಗಳೇ ನಲವತ್ತು. ಅತ್ತಿಗೆ ಕೊಯ್ಯುವುದರಲ್ಲಿ ಗಟ್ಟಿ. ಆದರೆ ಉಜ್ಜಿ ನುಣುಪು ತೆಗೆಯುವ ನಾಜೂಕು ಅವರ ಕೈಗೆ ಹತ್ತಿರಲಿಲ್ಲ. ರೋಗಿಗಳು ಹಿಡಿದು ಹತ್ತುವ ಕೊಳವೆ. ಅಂಗೈಗೆ ಒಂದು ಮುಳ್ಳೂ ತಾಗಬಾರದು. ಕಟ್ಟಡದ ಮೇಲ್ವಿಚಾರಕರು ಆ ಮಧ್ಯಾಹ್ನ ಹಳದಿ ಗೆರೆಯ ಈಚೆ ನಿಂತು, ಇದು ತಡವಾಯಿತು, ಅದು ಸರಿಯಿಲ್ಲ, ಈ ಗಂಟು ಕೈಗೆ ತರಿಯುತ್ತದೆ ಎಂದು ಒಂದೇ ಸಮನೆ ಗೊಣಗುತ್ತಿದ್ದರು. ನಾನು ಅಣ್ಣನ ಮೇಜಿನ ಬಳಿ ಕುಳಿತಿದ್ದೆ. ಅತ್ತಿಗೆ ಯಂತ್ರ ಹಿಡಿದು ಉಜ್ಜುತ್ತಿದ್ದರು. ಕರೆಂಟು ಹೋಯಿತು.

ಚಕ್ರ ನಿಂತಿತು. ಅತ್ತಿಗೆ ಯಂತ್ರವನ್ನು ಬೆಂಚಿನ ಮೇಲಿಟ್ಟು, ಮೇಲ್ವಿಚಾರಕರ ಕಡೆ ತಿರುಗಿ, "ಸಾರ್, ಸವೆದಿರೋ ಚಕ್ರ ಇದು, ಬೇರೆ ಹಾಕಿ ತೋರಿಸ್ತೀನಿ ತಾಳಿ" ಎಂದು ಸಿಡುಕಿ, ಸ್ಪ್ಯಾನರು ಎತ್ತಿಕೊಂಡರು. ಆ ದಿನ "ನಿಂತ್ಯಾ" ಎಂದು ಕೇಳಲಿಲ್ಲ. ಅವರ ಜೇಬು ಖಾಲಿಯಿತ್ತು. ನನಗೆ ಇದೊಂದೂ ಹೊಳೆಯಲಿಲ್ಲ. ಪಕ್ಕದ ಕುರ್ಚಿ ದಡಾರನೆ ಬಿದ್ದದ್ದಷ್ಟೇ ಕೇಳಿಸಿತು. ಅಣ್ಣ ಆ ಗೆರೆಯನ್ನು ಹೇಗೆ ದಾಟಿದನೋ, ಮೇಲ್ವಿಚಾರಕರನ್ನು ಪಕ್ಕಕ್ಕೆ ದೂಡಿದನೋ ಏನೋ, ನಾನು ತಲೆಯೆತ್ತುವಷ್ಟರಲ್ಲಿ ಗೋಡೆಯ ಬಳಿಯಿದ್ದ. ಪ್ಲಗ್ಗು ಅವನ ಕೈಯಲ್ಲಿತ್ತು. ಅರ್ಧ ಬೆರಳುಗಳ ಆ ಎಡಗೈಯಲ್ಲೇ ಕಿತ್ತಿದ್ದ. ಅದನ್ನು ತನ್ನ ಅಂಗಿಯ ಜೇಬಿಗೆ ತುರುಕಿಕೊಂಡು, ಗೋಡೆಗೊರಗಿ ನಿಂತ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ದೀಪಗಳೆಲ್ಲ ಹತ್ತಿಕೊಂಡವು, ಫ್ಯಾನು ತಿರುಗಿತು. ಅತ್ತಿಗೆಯ ಕೈಕೆಳಗಿನ ಯಂತ್ರ ಬೆಂಚಿನ ಮೇಲೆ ಸುಮ್ಮನೆ ಮಲಗಿತ್ತು.

ಅತ್ತಿಗೆ ಸ್ವಿಚ್ಚು ನೋಡಿದರು. ಅದು ಮುಂದಕ್ಕೇ ಇತ್ತು. ಸ್ಪ್ಯಾನರು ಕೆಳಗಿಟ್ಟು, ಅಣ್ಣನ ಮುಖ ನೋಡುತ್ತಾ, ನೆಲದ ಮೇಲೇ ಕುಳಿತುಬಿಟ್ಟರು.

"ಏನೇ ಇದು," ಎಂದ ಅಣ್ಣ. "ಊರಿಗೆಲ್ಲ ಪಾಠ ಹೇಳೋಳು ನೀನು."

"ಮರೆತೆ ಕಣ್ರೀ," ಎಂದರು ಅತ್ತಿಗೆ. ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ಸಹಜ ದನಿಗೆ ಮರಳಿ, "ನೀವು ಕನ್ನಡಕ ಹಾಕ್ದೆ ಗೆರೆ ದಾಟಿದ್ರಿ" ಎಂದರು.

ಅಣ್ಣ ಮೊಳೆಯ ಕಡೆ ನೋಡಿದ. ತಾನೇ ಹೋಗಿ ಕನ್ನಡಕ ತೆಗೆದು ಹಾಕಿಕೊಂಡ. ಅದರ ಮೇಲೆ ಒಂದು ಕಣ ಧೂಳೂ ಇರಲಿಲ್ಲ.

ಅಂದೇ ಅವನು ಯಂತ್ರ ಹಿಡಿದನೆಂದು ಹೇಳಿದರೆ ಸುಳ್ಳಾಗುತ್ತದೆ. ಹಿಡಿಯಲು ಇನ್ನೂ ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಅತ್ತಿಗೆ ಹಳೆಯ ಸ್ವಿಚ್ಚಿನ ಯಂತ್ರವನ್ನೇ ಕೈಬಿಟ್ಟು, ಬೆರಳು ತೆಗೆದರೆ ತಾನಾಗಿ ಆರುವಂಥದನ್ನು ತಂದರು. ಹಳೆಯ ಸ್ವಿಚ್ಚಿನ ಯಂತ್ರವನ್ನೇ ಕೈಬಿಟ್ಟು, ಬೆರಳು ತೆಗೆದರೆ ತಾನಾಗಿ ಆರುವಂಥದನ್ನು ತಂದರು. ಹೊಸದೊಂದು ಕಾನೂನೂ ಬಂತು: ಒಬ್ಬರು ಚಕ್ರ ಬದಲಿಸುವಾಗ ಇನ್ನೊಬ್ಬರು ಪ್ಲಗ್ಗಿಗೆ ಸಾಕ್ಷಿ. ಹನ್ನೆರಡನೆಯ ಬೆಳಿಗ್ಗೆ ಅಣ್ಣ ಮೊದಲ ಗಂಟನ್ನು ಉಜ್ಜಿದ. ಬಹಳ ಹೊತ್ತು ಹಿಡಿಯಿತು, ಒಪ್ಪುತ್ತೇನೆ. ಗಂಟು ಮಾತ್ರ ಹಳೆಯ ಅಣ್ಣನದೇ. ಸ್ವಿಚ್ಚು ಬಿಟ್ಟ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅತ್ತಿಗೆ ಅಭ್ಯಾಸಬಲದಿಂದ ಬಾಯಿ ತೆರೆಯುವುದರೊಳಗೆ ಅಣ್ಣನೇ ಅದರ ಮೇಲೆ ಬಾಗಿ ಕೇಳಿದ: "ನಿಂತ್ಯಾ?"

ಅತ್ತಿಗೆ ನಕ್ಕರು. ಆ ನಗುವನ್ನು ನಾಲ್ಕು ವರ್ಷಗಳಲ್ಲಿ ನಾನು ಕೇಳಿರಲಿಲ್ಲ.

ಆಮೇಲೊಮ್ಮೆ ಪೆದ್ದನ ಹಾಗೆ ಅವರನ್ನು ಕೇಳಿದೆ, ಅಣ್ಣನನ್ನು ಗೆರೆ ದಾಟಿಸಲು ಬೇಕೆಂದೇ ಹಾಗೆ ಮಾಡಿದಿರಾ ಎಂದು. ನನ್ನ ಮೇಲೆ ಉರಿದುಬಿದ್ದರು. "ಬೆರಳು ಅಡ ಇಟ್ಟು ಯಾರಾದ್ರೂ ನಾಟಕ ಆಡ್ತಾರೇನಪ್ಪಾ? ನಾನೂ ಮನುಷ್ಯಳೇ, ಮರೆತೆ. ಅದಕ್ಕೇ ತಾನೇ ಇಬ್ಬರು ಬೇಕಾಗೋದು."

ಆಸ್ಪತ್ರೆಯ ಕೆಲಸ ಮುಗಿದ ಮೇಲೆ ನಾನು ಆ ಮೆಟ್ಟಿಲು ಹತ್ತಿದೆ. ನಲವತ್ತು ಗಂಟುಗಳನ್ನು ಹುಡುಕುತ್ತ, ತಪ್ಪು ಹಿಡಿಯುವುದೇ ಕಸುಬಾದ ನನ್ನ ಅಂಗೈಯನ್ನು ಕೆಳಗಿನಿಂದ ಮೇಲಿನವರೆಗೆ ಆಡಿಸಿದೆ, ಒಂದೂ ಸಿಗಲಿಲ್ಲ. ನನ್ನ ಮುಂದೆ ಮುದುಕಿಯೊಬ್ಬರು ಅದೇ ಕೊಳವೆಯನ್ನು ಹಿಡಿದು ನಿಧಾನವಾಗಿ ಹತ್ತುತ್ತಿದ್ದರು. ಅವರ ಕೈಗೆ ಏನೂ ತಾಗಲಿಲ್ಲ, ಆದ್ದರಿಂದ ಯಾರನ್ನೂ ನೆನೆಯಲಿಲ್ಲ. ಅತ್ತಿಗೆಯಂಥವರ ಹಣೆಬರಹವೇ ಇದು. ಅವರ ಸಾಧನೆಯೆಲ್ಲ ನಡೆಯದೇ ಹೋದ ಸಂಗತಿಗಳು: ಸಿಡಿಯದ ಚಕ್ರ, ತಾಗದ ಮುಳ್ಳು, ಹೋಗದ ಬೆರಳು. ಇವರು ಭಯವಿಲ್ಲದವರಲ್ಲ, ಭಯಕ್ಕೆ ದಿನವೂ ಕೆಲಸ ಕೊಟ್ಟು ಅದನ್ನು ಮನೆಯ ಮಂದಿಯಲ್ಲಿ ಒಬ್ಬರನ್ನಾಗಿ ಮಾಡಿಕೊಂಡವರು. ಅದೇ ಭಯದಿಂದ ಹಿಂದೆ ಸರಿದವರನ್ನು ಎಳೆದು ತರುವುದಿಲ್ಲ, ಬೈಯುವುದೂ ಇಲ್ಲ. ಅವರ ಕನ್ನಡಕವನ್ನು ತೊಳೆದು ಮೊಳೆಗೆ ಹಾಕಿ, ತಮ್ಮ ಕೆಲಸಕ್ಕೆ ಹೋಗುತ್ತಾರೆ.