ಆರು ತಿಂಗಳ ಸೊನ್ನೆ

ನಾನು ಒಂದು ಕ್ರೆಡಿಟ್ ಕಾರ್ಡು. ಪ್ಲಾಸ್ಟಿಕ್ ಹಾಳೆಯಿಂದ ನನ್ನನ್ನು ಕತ್ತರಿಸಿ, ಚಿಪ್ ಕೂರಿಸಿ, ಮೈಮೇಲೆ ಹೆಸರೊಂದನ್ನು ಒತ್ತಿದರು: ಹೊನ್ನೂರಸ್ವಾಮಿ. ಹುಟ್ಟುವಾಗಲೇ ಬೇರೆಯವನ ಹೆಸರು ಹೊತ್ತವನು ನಾನು.

ಹೊನ್ನೂರಸ್ವಾಮಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ತಿಪ್ಪೇರುದ್ರಪ್ಪನ ಘಟಕದಲ್ಲಿ ಹನ್ನೆರಡು ವರ್ಷ ಬೆನ್ನು ಬಗ್ಗಿಸಿದ್ದ. ಬಟ್ಟೆಯ ಅಂಚು ಹೊಲಿಯುವ ಒಂದು ಸ್ವಂತ ಓವರ್‌ಲಾಕ್ ಮಷೀನು ಬೇಕು, ಮನೆಯಲ್ಲೇ ಹೊಲಿಯಬೇಕು, ಇನ್ನೊಬ್ಬರ ಬೈಗುಳ ತಿನ್ನಬಾರದು. ಅವನ ಆಸೆ ಇಷ್ಟೇ.

ನನ್ನನ್ನು ಆರಿಸಿದ ದಿನದ ಬಗ್ಗೆ ಆ ಮನೆಯಲ್ಲಿ ಎಷ್ಟು ಸಲ ಜಗಳವಾಯಿತೆಂದರೆ, ಕಣ್ಣಾರೆ ಕಂಡವನಂತೆ ಹೇಳಬಲ್ಲೆ. ಟೈ ಕಟ್ಟಿದ ಏಜೆಂಟ್ ಎರಡು ಕಾರ್ಡಿನ ಫಾರಂ ಹರಡಿ ಕೂತಿದ್ದನಂತೆ.

"ಇದಕ್ಕ ವರ್ಷಪೂರ್ತಿ ಬಡ್ಡಿ ಕಮ್ಮಿ ಅಣ್ಣಾ. ಇದಕ್ಕ ಮೊದಲ ಆರು ತಿಂಗ್ಳು ಬಡ್ಡೀನ ಇಲ್ಲ. ಸೊನ್ನೆ!"

"ಏಳನೇ ತಿಂಗ್ಳಾಗ ಏನ್ ಕಥಿ?" ಎಂದಳಂತೆ ಹೆಂಡತಿ ಗಾದೆಮ್ಮ.

"ಅಷ್ಟೊತ್ತಿಗೆ ಮಷೀನೇ ದುಡಿದು ತೀರಿಸ್ತೈತಿ ಅಕ್ಕಾ."

ಸೊನ್ನೆ ಗೆದ್ದಿತು. ನಾನು ಬಂದೆ. ಹೊನ್ನೂರಸ್ವಾಮಿ ಘಟಕಕ್ಕೆ ಹೋಗಿ, "ನಾಳೆಯಿಂದ ಬರಂಗಿಲ್ಲ, ಬ್ಯಾರೆಯವ್ರನ್ನ ನೋಡ್ಕೋರಿ" ಎಂದು ಎಲ್ಲರೆದುರು ಹೇಳಿ ಬಂದ. ಅವನ ಎದೆ ಬಡಿತ ಜೇಬಿನಲ್ಲಿದ್ದ ನನಗೆ ಕೇಳುತ್ತಿತ್ತು.

ಹಳೇ ಮಷೀನಿನ ಅಂಗಡಿಯವನು ನನ್ನನ್ನು ತಿರುಗಿಸಿ ನೋಡಿ ನಕ್ಕ. "ಕಾರ್ಡು ಗೀರ್ಡು ನಮ್ಮಲ್ಲಿ ನಡೆಯಂಗಿಲ್ಲಪಾ. ನಗದು ತಾ."

ಎದುರಿಗೇ ಎಟಿಎಂ ಇತ್ತು. ಅವನು ನನ್ನನ್ನು ಅದರ ಬಾಯಿಗಿಟ್ಟ. ನನಗೊಂದು ಬಾಯಿ ಇದ್ದಿದ್ದರೆ ಅವತ್ತು ಕಿರುಚುತ್ತಿದ್ದೆ. ನೋಟು ಎಣಿಸಿಕೊಟ್ಟ. ಮಷೀನು ಆಟೋದಲ್ಲಿ ಮನೆಗೆ ಬಂತು. ಗಾದೆಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು.

ಮೊದಲ ಬಿಲ್ಲಿನಲ್ಲೇ ಬಡ್ಡಿ ಬಂತು. ಅವನು ಬ್ಯಾಂಕಿಗೆ ಫೋನು ಹಚ್ಚಿದ.

"ಸಾರ್, ಆಫರ್ ಖರೀದಿಗೆ ಮಾತ್ರ. ನಗದು ತೆಗೆದರೆ ಅದೇ ದಿನದಿಂದ ಬಡ್ಡಿ."

"ಕೊಡುವಾಗ ಯಾಕ್ ಬೊಗಳ್ಲಿಲ್ಲ?"

"ಕಾಗದದಲ್ಲಿದೆ ಸಾರ್."

ಇತ್ತು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ, ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಕೊಟ್ಟ ಕಾಗದದ ಹಿಂಬದಿಯಲ್ಲಿ. ಏಳನೇ ತಿಂಗಳ ಬಗ್ಗೆ ಕೇಳಿದರು ಪಾಪ. ಮೊದಲ ದಿನದ ಬಗ್ಗೆ ಕೇಳಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವನು ಟೈ ಸರಿಮಾಡಿಕೊಂಡು ಸುಮ್ಮನಿದ್ದ. ಅದು ಮರೆವಲ್ಲ. ಅದೇ ಅವನ ಕೆಲಸ.

ಐದು ತಿಂಗಳು ಗಂಡ ಹೆಂಡತಿ ಕತ್ತೆಯಂತೆ ಹೊಲಿದರು. ಕಟ್ಟಿದ್ದೆಲ್ಲ ಬಡ್ಡಿಗೇ ಹೋಯಿತು. ಕೊನೆಗೆ ಮಷೀನು ಅದೇ ಅಂಗಡಿಗೆ ಅರ್ಧ ಬೆಲೆಗೆ ವಾಪಸಾಯಿತು. ಸಾಗಿಸುವಾಗ ಗಾದೆಮ್ಮ ಹೊರಗೆ ಬರಲಿಲ್ಲ.

ಹೊನ್ನೂರಸ್ವಾಮಿ ತಲೆ ತಗ್ಗಿಸಿ ಘಟಕದ ಬಾಗಿಲಲ್ಲಿ ನಿಂತ.

"ಓಹೋ, ಮಾಲೀಕರು! ದಾರಿ ತಪ್ಪಿ ಬಂದ್ರ್ಯಾ?" ಎಂದ ತಿಪ್ಪೇರುದ್ರಪ್ಪ. ಹುಡುಗರೆಲ್ಲ ನಕ್ಕರು. ಹೊನ್ನೂರಸ್ವಾಮಿಯೂ ನಕ್ಕ. ಆ ನಗು ನೋಡಲಾಗಲಿಲ್ಲ.

ಬ್ಯಾಂಕು ನನ್ನನ್ನು ನಿಲ್ಲಿಸಿಬಿಟ್ಟಿದೆ. ಉಳಿದ ಬಾಕಿ ಬೆಳೆಯುವುದು ಮಾತ್ರ ನಿಂತಿಲ್ಲ. ಈಗ ನಾನು ಘಟಕದ ಮೂಲೆಯ ಮೇಜಿನ ಮೇಲಿದ್ದೇನೆ. ಜೀನ್ಸಿನ ದೊಡ್ಡ ಜೇಬಿನೊಳಗೆ ಒಂದು ಪುಟ್ಟ ಜೇಬು ಇರುತ್ತದಲ್ಲ, ಅದರ ಅಳತೆಗೆ ನಾನು ಸರಿಹೋಗುತ್ತೇನೆ. ಹೊನ್ನೂರಸ್ವಾಮಿ ನನ್ನನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಾನೆ. ದಿನಕ್ಕೆ ಮುನ್ನೂರು ಜೇಬು, ಎಲ್ಲವೂ ಬೇರೆಯವರ ಪ್ಯಾಂಟಿಗೆ. ಅವನ ಹೆಬ್ಬೆರಳು ಉಜ್ಜಿ ಉಜ್ಜಿ ನನ್ನ ಮೇಲಿನ ಅವನ ಹೆಸರು ಅರ್ಧ ಅಳಿಸಿದೆ. ಪೂರ್ತಿ ಅಳಿಸಿದ ಮೇಲೂ ಬಿಲ್ಲು ಅವನ ಹೆಸರಿಗೇ ಬರುತ್ತದೆ.